ಕರಿದ ಎಣ್ಣೆಯ ಡಬ್ಬಿ

ಶಿವನಂಜಮ್ಮನ ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಪಕ್ಕ, ಗೋಡೆಗೆ ಒತ್ತಿದಂತೆ, ಒಂದು ಸ್ಟೀಲ್ ಡಬ್ಬಿ ಇದೆ. ಎಷ್ಟು ತಿಕ್ಕಿದರೂ ಅದರ ಮುಚ್ಚಳದ ಅಂಚಿನ ಕಂದು ಅಂಟು ಹೋಗುವುದಿಲ್ಲ. ಭಾನುವಾರ ಮಗನಿಗೆ ಕಬಾಬ್ ಕರಿದ ಎಣ್ಣೆ, ಹಬ್ಬದಲ್ಲಿ ವಡೆ ಬೇಯಿಸಿದ ಎಣ್ಣೆ, ನೆಂಟರು ಬಂದಾಗ ಹಪ್ಪಳ ಕರಿದ ಎಣ್ಣೆ, ಎಲ್ಲವೂ ಆರಿದ ಮೇಲೆ ಸೋಸಿಕೊಂಡು ಆ ಡಬ್ಬಿಗೆ ಬೀಳುತ್ತದೆ. ಅಲ್ಲಿಂದ ಅದು ಹೋಗುವುದು ಒಂದೇ ಒಂದು ತಟ್ಟೆಗೆ. ಆ ತಟ್ಟೆ ಅವಳದು.

ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮೂರು ವರ್ಷದ ಹಿಂದೆ ಗಂಡ ಚಿಕ್ಕಣ್ಣ ಫ್ಯಾಕ್ಟರಿಯಲ್ಲೇ ಎದೆ ಹಿಡಿದುಕೊಂಡು ಕುಸಿದು, ಆಸ್ಪತ್ರೆ ಸೇರಿ, ಸ್ಟೆಂಟ್ ಹಾಕಿಸಿಕೊಂಡ. ಮನೆಗೆ ಕಳಿಸುವ ದಿನ ಊಟದ ಪಥ್ಯ ಹೇಳುವ ಮೇಡಂ ಶಿವನಂಜಮ್ಮನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಕೆಲವು ಊಟ ರಕ್ತನಾಳದ ಒಳಗೆ ಸಣ್ಣ ಉರಿ ಹಚ್ಚುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಜ್ವರದ ಹಾಗೆ ಮೈ ಬಿಸಿಯೂ ಆಗುವುದಿಲ್ಲ, ಆದರೆ ವರ್ಷಗಟ್ಟಲೆ ಉರಿಯುತ್ತಿರುತ್ತದೆ ಎಂದರು. ಬಿಳಿ ಅನ್ನ, ಮೈದಾ, ಸಕ್ಕರೆ, ಬೇಕರಿ ತಿಂಡಿ ಕಡಿಮೆ ಮಾಡಿ ಎಂದರು. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಕಾಯಿಸಿದ್ದು ಯಜಮಾನರ ಬಾಯಿಗೆ ಹೋಗಲೇಕೂಡದು ಎಂದರು.

ಶಿವನಂಜಮ್ಮ ಆ ಮಾತನ್ನು ಒಂದಕ್ಷರ ಬಿಡದೆ ಪಾಲಿಸಿದಳು. ಗಂಡನ ಬಾಯಿಗೆ ಹೋಗಬಾರದ್ದನ್ನು ಬೇರೆ ಡಬ್ಬಿಗೆ ತೆಗೆದಿಟ್ಟಳು. ಮಗನಿಗೂ ಅತ್ತೆಗೂ ಅದನ್ನು ಹಾಕಲು ಮನಸ್ಸು ಬರಲಿಲ್ಲ. ಚೆಲ್ಲಲು ಕೈ ಬರಲಿಲ್ಲ. ನಂಜನಗೂಡಿನ ಕಡೆಯ ಅವಳ ತವರಿನಲ್ಲಿ, ಚೆಲ್ಲಿಹೋದ ಎಣ್ಣೆಯನ್ನು ನೆಲದಿಂದ ಅಂಗೈಯಲ್ಲಿ ಒರೆಸಿ ತಲೆಗೆ ಹಚ್ಚಿಕೊಳ್ಳುತ್ತಿದ್ದರು. ಉಳಿದ ಬಾಯಿ ತನ್ನದೊಂದೇ ಆದ್ದರಿಂದ ಅದು ತನ್ನ ಪಾಲಿಗೆ ಬಂತು, ಅಷ್ಟೇ.

ಅವಳ ಬೆಳಗು ಹೀಗೆ. ಬೆಳಕು ಹರಿಯುವ ಮುಂಚೆ ಎದ್ದು ಚಿಕ್ಕಣ್ಣನಿಗೆ ಮೆಂತ್ಯದ ನೀರು ಕೊಡಬೇಕು. ಅದನ್ನು ಕುಡಿದು, ಬಿಳಿ ಶೂ ಹಾಕಿಕೊಂಡು, ಅವನು ಸ್ಕೂಟರಿನಲ್ಲಿ ಕುಕ್ಕರಹಳ್ಳಿ ಕೆರೆಗೆ ನಡೆಯಲು ಹೋಗುತ್ತಾನೆ. ಅವನು ಬರುವುದರೊಳಗೆ ಮೊಳಕೆಕಾಳು ಬೇಯಬೇಕು, ರಾಗಿ ಅಂಬಲಿ ಆರಬೇಕು, ಅವನ ಊಟದ ಡಬ್ಬಿಗೆ ಹಿಡಿಯಷ್ಟು ಮುದ್ದೆ ಮತ್ತು ಎಣ್ಣೆ ಕಾಣದ ಸೊಪ್ಪಿನ ಉಪ್ಸಾರು ತಯಾರಾಗಬೇಕು. ಅಷ್ಟು ಹೊತ್ತಿಗೆ ಅತ್ತೆ ಕೆಂಚಮ್ಮ ಎದ್ದಿರುತ್ತಾರೆ. ಮಂಡಿ ಹಿಡಿದ ಅವರನ್ನು ಬಚ್ಚಲಿಗೆ ನಡೆಸಬೇಕು, ನೀರು ಹುಯ್ಯಬೇಕು. ಹಲ್ಲಿಲ್ಲದ್ದರಿಂದ ಮೆತ್ತಗಿನ ಅನ್ನ, ತಿಳಿಸಾರು ಆಗಬೇಕು. ಸ್ಕೂಟರ್ ಷೋರೂಮಿನಲ್ಲಿ ಕೆಲಸ ಮಾಡುವ ಮಗ ಸಾಗರ್‌ಗೆ ರೋಗಿಯ ಊಟ ಸೇರದು. ಅವನಿಗೆ ಪೂರಿ ಇಲ್ಲವೇ ಚಿತ್ರಾನ್ನ. ಅಂದರೆ ಮೂರು ಬಗೆಯ ಅಡುಗೆ, ಎರಡು ಬರ್ನರಿನ ಒಂದು ಒಲೆ, ಇಬ್ಬರು ಗಂಡಸರು ಮತ್ತು ಒಬ್ಬ ಮುದುಕಿ. ಈ ಲೆಕ್ಕದಲ್ಲಿ ಅವಳ ಊಟ ಎಲ್ಲೂ ಬರುವುದಿಲ್ಲ.

ಮಧ್ಯಾಹ್ನ ಅತ್ತೆಗೆ ಉಣ್ಣಿಸಿ, ಪಾತ್ರೆ ತೊಳೆದು, ಬಟ್ಟೆ ಹರವಿ ಬಂದ ಮೇಲೆ ಅವಳು ಮನೆಯ ಮಿಕ್ಕಿದ್ದನ್ನೆಲ್ಲ ಒಂದು ಬಾಣಲೆಗೆ ಸೇರಿಸುತ್ತಾಳೆ. ರಾತ್ರಿಯ ಅನ್ನ, ಅತ್ತೆ ಬಿಟ್ಟ ಅನ್ನ, ಮಗ ಬೇಡವೆಂದ ಪೂರಿಯ ಚೂರು. ಡಬ್ಬಿಯ ಎಣ್ಣೆ ಒಂದು ಸೌಟು, ಸಾಸಿವೆ, ಎರಡು ಮೆಣಸಿನಕಾಯಿ. ಒಗ್ಗರಣೆ ಬಿದ್ದರೆ ಹಳಸಲು ವಾಸನೆ ಹೋಗುತ್ತದೆ. ಸಂಜೆ ಕಾಲು ಸೋತಾಗ ಸಕ್ಕರೆ ಜಾಸ್ತಿ ಹಾಕಿದ ಟೀ, ಜೊತೆಗೆ ಬಿಸ್ಕತ್ತು. ಗಂಡನ ಸೊಪ್ಪು, ಕಾಳುಗಳ ಪಾತ್ರೆಯಲ್ಲಿ ಏನಾದರೂ ಉಳಿದರೆ ಅದನ್ನು ಸಂಜೆಗೆ ಅವನಿಗೇ ತೆಗೆದಿಡುತ್ತಾಳೆ. ಅವಳ ಮಟ್ಟಿಗೆ ಅದು ಊಟವಲ್ಲ, ಅವರ ಔಷಧಿ. ಇನ್ನೊಬ್ಬರ ಔಷಧಿಗೆ ಯಾರಾದರೂ ಕೈ ಹಾಕುತ್ತಾರೆಯೇ?

ಔಷಧಿ ಕೆಲಸ ಮಾಡಿತು. ಚಿಕ್ಕಣ್ಣನ ಹೊಟ್ಟೆ ಕರಗಿತು. ಫ್ಯಾಕ್ಟರಿಯಲ್ಲಿ ಮಹಡಿ ಹತ್ತಿದರೆ ಜೊತೆಯವರು ಏದುತ್ತಿದ್ದರು, ಇವನು ಮಾತಾಡಿಕೊಂಡೇ ಹತ್ತುತ್ತಿದ್ದ. ಬೀದಿಯವರು ಕೇಳಿದರೆ ಕೆರೆಯ ಗಾಳಿಯ ಮಹಿಮೆ ಹೇಳುತ್ತಿದ್ದ. ಅದೇ ಮೂರು ವರ್ಷದಲ್ಲಿ ಶಿವನಂಜಮ್ಮನ ಉಸಿರು ತುಂಡಾಗುತ್ತಾ ಬಂತು. ಮೊದಲು ತಾರಸಿಗೆ ಬಟ್ಟೆಯ ಬಕೆಟ್ಟು ಒಯ್ಯುವಾಗ, ಆಮೇಲೆ ಬರಿಗೈಯಲ್ಲಿ ಹತ್ತುವಾಗಲೂ ನಡುವೆ ನಿಲ್ಲಬೇಕಾಯಿತು. ಮುಟ್ಟು ನಿಲ್ಲುವ ಕಾಲ, ಹೀಗೇ ಇರುತ್ತದೆ ಎಂದುಕೊಂಡಳು. ನಾನೂ ಒಂದಿಷ್ಟು ನಡೆದಾಡಿಕೊಂಡು ಬರಲೇ ಎಂದು ಒಮ್ಮೆ ಅತ್ತೆಯ ಮುಂದೆ ಅಂದಿದ್ದಳು.

"ನಿಂಗ್ಯಾಕಮ್ಮಿ ವಾಕಿಂಗು? ಮನೆ ತುಂಬಾ ನಡೀತಾನೇ ಇರ್ತೀಯಲ್ಲ," ಎಂದಿದ್ದರು ಕೆಂಚಮ್ಮ. "ನಾನು ಸೊಪ್ಪು, ಮುದ್ದೆ ಉಂಡು, ಗದ್ದೆ ಬದೀಲಿ ಹುಲ್ಲೊರೆ ಹೊತ್ತೋಳು. ಈ ವಯಸ್ನಲ್ಲೂ ನಿನ್ನಂಗೆ ಏದುಸ್ರು ಬುಡಲ್ಲ ಕಣಮ್ಮಿ."

ಮಾತು ನಿಜವೇ ಆಗಿತ್ತು.

ಪಕ್ಕದ ಮನೆಯ ವೇದವತಿ ಹೈಸ್ಕೂಲಿನಲ್ಲಿ ಟೀಚರಾಗಿದ್ದವರು, ಈಗ ನಿವೃತ್ತರು. ಗೋಕುಲಂನಲ್ಲಿ ಯೋಗ ಕಲಿಯಲು ಹೋಗುತ್ತಾರೆ. ಅವರ ಯೋಗಶಾಲೆಯ ತಾರಸಿಯ ಮೇಲೆ ವಿಭಾ ಎಂಬ ಹುಡುಗಿ ಊಟದ ಮನೆ ನಡೆಸುತ್ತಾಳೆ. ಅಲ್ಲಿಗೆ ಬರುವವರಲ್ಲಿ ಮುಕ್ಕಾಲು ಪಾಲು ಹೊರದೇಶದವರು. ಅವರಿಗೆ ಎಣ್ಣೆ ಕಡಿಮೆಯ, ಸೊಪ್ಪು, ಸಿರಿಧಾನ್ಯ, ಅರಿಶಿನ, ಅಗಸೆಬೀಜದ ಊಟ ಬೇಕು. ಅಂಥ ಊಟವನ್ನು ರುಚಿ ಕೆಡದಂತೆ ಮಾಡುವವರು ಸಿಗದೆ ವಿಭಾ ಒದ್ದಾಡುತ್ತಿದ್ದಳು. ವೇದವತಿಯವರು ಗೌರಿ ಹಬ್ಬ ಮುಗಿದ ವಾರ ಶಿವನಂಜಮ್ಮನ ಉಪ್ಸಾರನ್ನೂ ನವಣೆ ಬಿಸಿಬೇಳೆಭಾತನ್ನೂ ಡಬ್ಬಿಯಲ್ಲಿ ಒಯ್ದು ಕೊಟ್ಟರು. ಮರುದಿನವೇ ಕರೆ ಬಂತು. ಬೆಳಗಿನ ತಿಂಡಿ ಆದ ಮೇಲೆ ಬಂದು ಮಧ್ಯಾಹ್ನದ ಊಟ ಮುಗಿಸಿಕೊಟ್ಟು ಹೋದರೆ ಸಾಕು.

ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ನಮ್ಮ ಊಟಕ್ಕೆ ತೊಂದರೆಯಾಗದಿದ್ದರೆ ಹೋಗಲಿ ಎಂದ ಚಿಕ್ಕಣ್ಣ. ಅವಳು ಇನ್ನೂ ಬೇಗ ಎದ್ದಳು.

ಕೆಳಗೆ ಬಟ್ಟೆ ಅಂಗಡಿ, ಅದರ ಮೇಲೆ ಎರಡು ಅಂತಸ್ತಿನಲ್ಲಿ ಯೋಗದ ಹಜಾರ, ಅದಕ್ಕೂ ಮೇಲೆ ತಾರಸಿ. ಹಳೆಯ ಕಟ್ಟಡವಾದ್ದರಿಂದ ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಮೊದಲ ದಿನ ಎರಡನೆಯ ತಿರುವಿನ ಕಿಟಕಿಯ ಹತ್ತಿರ ಅವಳಿಗೆ ಉಸಿರು ಕಟ್ಟಿತು. ರಸ್ತೆ ನೋಡುವವಳ ಹಾಗೆ ಕಿಟಕಿಗೆ ಮುಖ ಮಾಡಿ ನಿಂತುಕೊಂಡಳು. ಬಾಗಿಲ ಆಚೆ ಶಿಷ್ಯರು ಮೂಗು ಹಿಡಿದು ಉಸಿರು ಎಣಿಸುತ್ತಿದ್ದರು.

ಆದರೆ ಮೇಲೆ ಹತ್ತಿದ ಮೇಲೆ ಅದು ಬೇರೆಯೇ ಲೋಕ. ಗಾಳಿ, ಬೆಳಕು, ದೂರದಲ್ಲಿ ಬೆಟ್ಟ. ತನ್ನ ಕೈ ಇಲ್ಲೂ ತನ್ನ ಮಾತು ಕೇಳುತ್ತದೆ ಎಂಬುದು ಅವಳಿಗೆ ಬೇಗ ತಿಳಿಯಿತು. ಬಡಿಸುವ ಮುಂಚೆ ವಿಭಾ ಒಂದು ತಟ್ಟೆಗೆ ಜೋಳದ ರೊಟ್ಟಿ, ದಂಟಿನ ಸೊಪ್ಪಿನ ಪಲ್ಯ, ಹೆಸರುಕಾಳು, ಮೊಸರು ಹಾಕಿ ಅವಳ ಮುಂದೆ ತಂದಿಟ್ಟಳು. ಇಲ್ಲಿ ಅಡುಗೆಯವರು ಅತಿಥಿಗಳಿಗಿಂತ ಮುಂಚೆ ಉಣ್ಣುವುದು ರೂಢಿ ಎಂದಳು. ಶಿವನಂಜಮ್ಮ ಆಮೇಲೆ ಎಂದು ಹಿಂದೆ ಸರಿದಳು.

"ಕೂತ್ಕೊಂಡು ಊಟ ಮಾಡಿ ಆಂಟಿ, ಆರಿಹೋಗತ್ತೆ," ಎಂದಳು ವಿಭಾ, ಕುರ್ಚಿ ಎಳೆದು.

ಅವಳು ಕುಳಿತಳು. ಬಿಸಿ ರೊಟ್ಟಿ, ಯಾರೂ ಬಿಟ್ಟದ್ದಲ್ಲದ ಪಲ್ಯ. ತವರು ಬಿಟ್ಟ ಮೇಲೆ ಆರಿಹೋಗುತ್ತದೆ ಕೂತು ಉಣ್ಣು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಈ ಕೆಲಸ ತನಗೆ ಬೇಕೇಬೇಕು ಎಂದು ಅವಳಿಗೆ ಅನ್ನಿಸಿದ್ದು ಆ ಕುರ್ಚಿಯ ಮೇಲೆ. ಸಂಬಳದ ಮಾತನ್ನು ಅವಳು ಇನ್ನೂ ಕೇಳಿಯೇ ಇರಲಿಲ್ಲ.

ನಾಲ್ಕನೆಯ ದಿನವೋ ಐದನೆಯ ದಿನವೋ ಮೇಲಿನ ಟ್ಯಾಂಕಿಗೆ ನೀರು ಏರಲಿಲ್ಲ. ಸೊಪ್ಪನ್ನು ಕೆಳಗಿನ ನಲ್ಲಿಯಲ್ಲಿ ತೊಳೆದು, ಒದ್ದೆ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಅವಳು ಹತ್ತತೊಡಗಿದಳು. ಎರಡನೆಯ ತಿರುವಿನಲ್ಲಿ ಕಿಟಕಿ ಕಾಣಲಿಲ್ಲ, ಕಣ್ಣಿಗೆ ಕತ್ತಲೆ ಬಂತು. ಗೋಡೆ ಹಿಡಿದು ಅಲ್ಲೇ ಕುಸಿದು ಕುಳಿತಳು. ಬುಟ್ಟಿ ಉರುಳಿ ದಂಟಿನ ಸೊಪ್ಪು ಶಿಷ್ಯರ ಚಪ್ಪಲಿಗಳ ಮೇಲೆಲ್ಲ ಹರಡಿಕೊಂಡಿತು. ಒಳಗಿದ್ದವರು ಹೊರಗೆ ಬಂದರು. ಯಾರೋ ಬಿಳಿಯ ಹೆಂಗಸು ಅವಳ ಕೈಹಿಡಿದು ನಾಡಿ ನೋಡಿದಳು, ಹೀಗೆ ಉಸಿರೆಳೆದುಕೊ ಎಂದು ತಾನೇ ಎಳೆದು ತೋರಿಸಿದಳು. ಶಿವನಂಜಮ್ಮನಿಗೆ ಉಸಿರಿಗಿಂತ ಸೊಪ್ಪಿನದೇ ಚಿಂತೆ. ಇನ್ನೊಮ್ಮೆ ತೊಳೆಯಬೇಕಲ್ಲ ಎಂದುಕೊಂಡಳು.

ವಿಭಾ ಒಳ್ಳೆಯವಳೇ. ಸಂಜೆ ವೇದವತಿಯವರ ಜೊತೆ ಮನೆಯವರೆಗೂ ಬಂದು ಮಾತಾಡಿದಳು. "ನಿಮ್ಮ ಕೈ ಬಿಡೋಕೆ ನಂಗೆ ಇಷ್ಟ ಇಲ್ಲ ಆಂಟಿ. ಆದ್ರೆ ಆ ಮೆಟ್ಟಿಲಲ್ಲಿ ನಿಮ್ಗೇನಾದ್ರೂ ಆದ್ರೆ ನಾನೇನು ಮಾಡ್ಲಿ? ಡಾಕ್ಟರಿಗೆ ತೋರಿಸಿ, ಸುಧಾರಿಸಿಕೊಳ್ಳಿ. ದೀಪಾವಳಿವರೆಗೂ ನಾನೇ ಹೇಗೋ ಮಾಡ್ಕೊತೀನಿ, ಬೇರೆಯವರನ್ನ ತಗೊಳಲ್ಲ." ಅದಕ್ಕಿಂತ ಹೆಚ್ಚು ಅವಳೂ ತಡೆಯುವಂತಿರಲಿಲ್ಲ. ಚಳಿಗಾಲ ಬಂದರೆ ತಾರಸಿ ತುಂಬಿಬಿಡುತ್ತದೆ.

ವೇದವತಿಯವರೇ ನಜರ್‌ಬಾದಿನಲ್ಲಿ ತಮಗೆ ಪರಿಚಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಾದ ಹೆಂಗಸು, ಅವಸರವಿಲ್ಲದವರು. ಎದೆಗೆ ತಂತಿ ಅಂಟಿಸಿ ನೋಡಿದರು, ಬೆರಳಿಗೆ ಕ್ಲಿಪ್ ಹಾಕಿ ಮೊಗಸಾಲೆಯಲ್ಲಿ ಅತ್ತಿಂದಿತ್ತ ನಡೆಸಿದರು, ರಕ್ತ ಕೊಡಲು, ಹೊಟ್ಟೆಯ ಸ್ಕ್ಯಾನ್ ಮಾಡಿಸಲು ಕಳಿಸಿದರು. ಎರಡು ದಿನದ ಮೇಲೆ ಎದುರಿಗೆ ಕೂರಿಸಿಕೊಂಡು ಹೇಳಿದರು. ಹೃದಯಕ್ಕೆ ಸದ್ಯ ರೋಗವಿಲ್ಲ. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ. ಯಕೃತ್ತಿನಲ್ಲಿ ಕೊಬ್ಬು ಸೇರಿದೆ. ಮೈಯೊಳಗೆ ಉರಿಯೂತ ಇರುವ ಗುರುತು ರಕ್ತದಲ್ಲಿ ಕಾಣುತ್ತಿದೆ. ಇಂಥ ಮೈಯಲ್ಲಿ ತಿಂದದ್ದು ಶಕ್ತಿಯಾಗದೆ ಹೊಟ್ಟೆಯ ಸುತ್ತ ಕೂರುತ್ತದೆ, ಎದೆಗೂ ಶ್ವಾಸಕೋಶಕ್ಕೂ ಇರಬೇಕಾದ ತ್ರಾಣ ಇಳಿಯುತ್ತಾ ಹೋಗುತ್ತದೆ, ತ್ರಾಣ ಇಳಿದಷ್ಟೂ ಉರಿ ಹೆಚ್ಚುತ್ತದೆ.

ಶಿವನಂಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೇಳಿದಳು. "ಬೆಳಿಗ್ಗೆಯಿಂದ ರಾತ್ರಿವರ್ಗೂ ನಿಂತೇ ಇರ್ತೀನಿ ಡಾಕ್ಟ್ರೇ. ಅದು ಲೆಕ್ಕಕ್ಕಿಲ್ವಾ?"

"ಸುಸ್ತಾಗೋಕೆ ಲೆಕ್ಕಕ್ಕಿದೆ ಕಣಮ್ಮ. ಎದೆ ಗಟ್ಟಿಯಾಗೋಕೆ ಇಲ್ಲ."

ಒಲೆಯ ಮುಂದೆ ನಿಂತರೆ ಕಾಲು ನೋಯುತ್ತದೆ, ಸೊಂಟ ಬೀಳುತ್ತದೆ, ಆದರೆ ಹೃದಯ ಬಲಿಯಬೇಕಾದರೆ ಅದು ಒಂದಿಷ್ಟು ಹೊತ್ತು ಬಿಡದೆ ಜೋರಾಗಿ ಬಡಿದುಕೊಳ್ಳಬೇಕು ಎಂದು ವಿವರಿಸಿದರು ಡಾಕ್ಟರು. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ನಾಲ್ಕೈದು ಹೆಜ್ಜೆಗೊಮ್ಮೆ ಯಾರಾದರೂ ಕರೆದು ನಿಲ್ಲಿಸುವ ನಡಿಗೆ ಸಾಲದು. ಊಟ ಬದಲಾಗಬೇಕು. ಹಾಗೆ ಮಾಡಿದರೆ ಕೆಲವೇ ತಿಂಗಳಲ್ಲಿ ಮೆಟ್ಟಿಲು ಹತ್ತಬಹುದು, ಇದು ವಾಸಿಯಾಗದ ಕಾಯಿಲೆಯಲ್ಲ ಎಂದರು. ಆಮೇಲೆ ಏನು ತಿನ್ನುತ್ತೀರಿ ಎಂದು ಕೇಳಿದರು. ಅವಳು ಮುಚ್ಚುಮರೆ ಇಲ್ಲದೆ ಹೇಳಿದಳು, ಡಬ್ಬಿಯ ವಿಷಯವನ್ನೂ ಹೇಳಿದಳು. ಗಂಡನಿಗೆ ಒಂದು ತೊಟ್ಟೂ ಸೋಕಿಸಿಲ್ಲ ಎಂದು ಹೇಳುವಾಗ ದನಿಯಲ್ಲಿ ಹೆಮ್ಮೆಯಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಜಮಾನ್ರಿಗೆ ಬೇಡ ಅಂತ ತೆಗೆದಿಟ್ಟದ್ದನ್ನ ನೀವು ತಿಂತಿದೀರಾ?"

"ಬಿಸಾಕಕ್ಕೆ ಆಗಲ್ವಲ್ಲಾ."

ಇದೊಂದರಿಂದಲೇ ಹೀಗಾಯಿತು ಎನ್ನಲಾಗುವುದಿಲ್ಲ, ಆದರೆ ಮೊದಲು ಆ ಡಬ್ಬಿ ಖಾಲಿ ಮಾಡಿ ಎಂದರು ಡಾಕ್ಟರು.

ಮನೆಗೆ ಬಂದು ಅವಳು ಎಲ್ಲರ ಮುಂದೆ ಹೇಳಿದಳು. ಚಿಕ್ಕಣ್ಣನಿಗೆ ನಿಜವಾಗಿಯೂ ಪಿಚ್ಚೆನಿಸಿತು. "ನಾನು ತಿನ್ನೋದನ್ನೇ ನೀನೂ ತಿನ್ನು, ಯಾರು ಬೇಡ ಅಂದೋರು? ನಾಳೆಯಿಂದ ನನ್ ಜೊತೆ ಕೆರೆಗೆ ಬಾ," ಎಂದ. ಬಾ ಎನ್ನುವುದು ಅವನಿಗೆ ಸುಲಭವಾಗಿತ್ತು. ಅವನು ಕೆರೆಯ ಸುತ್ತ ನಡೆಯುವ ಹೊತ್ತಿನಲ್ಲೇ ಅವನ ಅಂಬಲಿ ಆರುತ್ತಿರುತ್ತದೆ ಎಂಬುದು ಅವನಿಗೆ ಹೊಳೆಯಲಿಲ್ಲ. ನಾನು ಇವತ್ತು ಮಾಡುತ್ತೇನೆ, ನೀನು ಹೋಗು ಎನ್ನುವುದು ಯಾರ ಬಾಯಿಗೂ ಬರಲಿಲ್ಲ.

ಆದರೂ ಅವಳು ಹೋದಳು. ಗಂಡನ ಹಳೆಯ ಶೂ ಒಳಗೆ ಬಟ್ಟೆ ತುರುಕಿ, ಸೀರೆಯನ್ನು ಮೇಲೆತ್ತಿ ಸಿಕ್ಕಿಸಿ, ಕೆರೆಯ ಏರಿಯ ಮೇಲೆ ನಡೆದಳು. ನೀರಿನ ಮೇಲಿನ ಹಕ್ಕಿಗಳನ್ನು ನೋಡಿದಳು. ಚಿಕ್ಕಣ್ಣ ಮುಂದೆ ಮುಂದೆ ಹೋಗಿ ತಿರುಗಿ ಬಂದು ಅವಳನ್ನು ಸೇರುತ್ತಿದ್ದ. ಮೂರನೆಯ ದಿನ ಮನೆಗೆ ಬಂದಾಗ ಕೆಂಚಮ್ಮ ಬಚ್ಚಲ ಹೊಸ್ತಿಲಲ್ಲಿ ಬಿದ್ದಿದ್ದರು. ಸಾಗರ್ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಲಗಿದ್ದ. ಮೂಳೆ ಮುರಿದಿರಲಿಲ್ಲ, ಸೀರೆ ಒದ್ದೆಯಾಗಿತ್ತು ಅಷ್ಟೇ.

"ನೀನು ಹೋಗಮ್ಮಿ, ಗಾಳಿ ತಗೋ. ನಾನು ಇಲ್ಲೇ ಬಿದ್ದಿರ್ತೀನಿ," ಎಂದರು ಕೆಂಚಮ್ಮ. ಚಿಕ್ಕಣ್ಣ ಮಗನನ್ನು ಬೈದ. ಮಾರನೆಯ ಬೆಳಿಗ್ಗೆ ಚಿಕ್ಕಣ್ಣ ಒಬ್ಬನೇ ಕೆರೆಗೆ ಹೋದ.

ಡಬ್ಬಿಯನ್ನಾದರೂ ಖಾಲಿ ಮಾಡೋಣವೆಂದು ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡವಳ ಹಾಗೆ ಸಿಂಕಿಗೆ ಸುರಿದು ಬಿಸಿನೀರು ಬಿಟ್ಟಳು. ಆ ವಾರದಲ್ಲೇ ಸಿಂಕು ಕಟ್ಟಿಕೊಂಡಿತು. ಪೈಪು ಬಿಚ್ಚಿದವನು ಬಿಳಿ ಜಿಡ್ಡಿನ ಗಟ್ಟಿಯನ್ನು ತಂತಿಯಲ್ಲಿ ಎಳೆದು ಎಲ್ಲರಿಗೂ ತೋರಿಸಿದ. ಎಣ್ಣೆ ಯಾರಾದ್ರೂ ಸಿಂಕಿಗೆ ಸುರೀತಾರಾ ಅಮ್ಮ, ಅಷ್ಟೂ ಗೊತ್ತಾಗಲ್ವಾ ಎಂದ ಸಾಗರ್. ಮುಂದಿನ ಭಾನುವಾರದ ಕಬಾಬಿನ ಎಣ್ಣೆಯನ್ನು ಅವಳು ಮತ್ತೆ ಡಬ್ಬಿಗೆ ಸೋಸಿಟ್ಟಳು. ಆಮೇಲೆ ಯೋಚಿಸಿದರಾಯಿತು ಎಂದುಕೊಂಡಳು.

ಅಷ್ಟರಲ್ಲಿ ದಸರಾ ಬಂತು. ಮೈಸೂರಿನಲ್ಲಿ ಮನೆ ಇದ್ದವರ ದಸರಾ ಎಂದರೆ ಊರಿನ ನೆಂಟರೆಲ್ಲ ಚಾಪೆ ಸಹಿತ ಬಂದಿಳಿಯುವ ಕಾಲ. ಚಿಕ್ಕಣ್ಣನ ಅಣ್ಣ ಬೀರಯ್ಯನ ಸಂಸಾರ, ಅವರ ಬೀಗರು, ಮಕ್ಕಳು. ದೀಪಾಲಂಕಾರ ನೋಡಿ ಬಂದವರಿಗೆ ಹಸಿವು, ವಸ್ತುಪ್ರದರ್ಶನ ನೋಡಿ ಬಂದವರಿಗೆ ಬಾಯಾರಿಕೆ. ಒಲೆ ಆರುತ್ತಲೇ ಇರಲಿಲ್ಲ. ವಡೆ, ಪಕೋಡ, ಆಯುಧಪೂಜೆಗೆ ಕಜ್ಜಾಯ, ಜಂಬೂಸವಾರಿಯ ಮರುದಿನ ಬಾಡೂಟ. ಉಂಡವರೆಲ್ಲ ಅವಳ ಕೈಗುಣ ಹೊಗಳಿದರು. ಶಿವನಂಜಮ್ಮ ಉಂಡಳೋ ಇಲ್ಲವೋ ಎಂದು ವಿಚಾರಿಸಿದವರು ಒಬ್ಬರೂ ಇಲ್ಲ, ಅವಳೂ ಸೇರಿ. ಬಾಣಲೆಯ ಮುಂದೆ ನಿಂತು ಮುರಿದ ವಡೆ ಬಾಯಿಗೆ ಹಾಕಿಕೊಂಡರೆ ಹೊಟ್ಟೆ ತುಂಬಿದಂತೆಯೇ ಇರುತ್ತಿತ್ತು.

ನೆಂಟರ ಹುಡುಗರ ಜೊತೆ ಚಿಕ್ಕಣ್ಣ ಬೆಟ್ಟದ ಮೆಟ್ಟಿಲು ಹತ್ತಿ ಬಂದ. ಸ್ಟೆಂಟ್ ಹಾಕಿದ ಎದೆ, ಆದರೂ ಅವನು ನಂದಿಯ ಹತ್ತಿರ ಮಾತ್ರ ಒಂದು ಗಳಿಗೆ ನಿಂತದ್ದು. ಹುಡುಗರು ತೆಗೆದ ಫೋಟೋ ಎಲ್ಲರ ಫೋನಿನಲ್ಲೂ ಸುತ್ತಾಡಿತು. ಬೀರಯ್ಯ ತಮ್ಮನ ಬೆನ್ನು ತಟ್ಟಿದ.

"ಎಲ್ಲಾ ಇವಳ ಕೈ ಊಟ ಕಣಣ್ಣ," ಎಂದ ಚಿಕ್ಕಣ್ಣ, ಅಡುಗೆಮನೆಯ ಕಡೆ ನೋಡಿ.

ಅವಳು ಕೇಳಿಸಿಕೊಂಡಳು. ಖುಷಿಯೂ ಆಯಿತು. ಆ ಖುಷಿಯ ಹಿಂದೆಯೇ, ನಾನು ಎಲ್ಲಿಯವರೆಗೆ ಹತ್ತಬಲ್ಲೆ ಎಂಬ ಪ್ರಶ್ನೆ ಬಂದು ನಿಂತುಕೊಂಡಿತು.

ನೆಂಟರು ಹೊರಟುಹೋಗಿ, ದೀಪಾವಳಿಗೆ ಇನ್ನು ವಾರವಿದೆ ಎನ್ನುವಾಗ ಒಂದು ಮಧ್ಯಾಹ್ನ, ಅತ್ತೆ ಮಲಗಿದ್ದನ್ನು ನೋಡಿಕೊಂಡು ಅವಳು ಸಿಟಿ ಬಸ್ಸಿನಲ್ಲಿ ಗೋಕುಲಂಗೆ ಹೋದಳು. ಯಾರಿಗೂ ಹೇಳಲಿಲ್ಲ. ಒಂದೇ ಒಂದು ಸಲ ನಿಲ್ಲದೆ ತಾರಸಿ ಮುಟ್ಟಿದರೆ ವಿಭಾಳಿಗೆ ನಾಳೆಯಿಂದ ಬರುತ್ತೇನೆ ಎನ್ನುವುದು, ಇಷ್ಟೇ ಅವಳ ಯೋಚನೆ. ಸೆರಗು ಸಿಕ್ಕಿಸಿಕೊಂಡು ಮೆಲ್ಲಗೆ ಹತ್ತಿದಳು. ಮೊದಲ ತಿರುವು ದಾಟಿತು. ಚಪ್ಪಲಿಗಳ ಸಾಲು ದಾಟಿತು. ಎರಡನೆಯ ತಿರುವಿನ ಕಿಟಕಿ ಕಂಡಿತು, ಆದರೆ ಅಲ್ಲಿಗೆ ಕಾಲು ಹೋಗಲಿಲ್ಲ. ಎದೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗಾಯಿತು. ಕೂತಳು.

ಮೇಲಿನಿಂದ ದಂಟಿನ ಸೊಪ್ಪು ಬೇಯುವ ವಾಸನೆ ಇಳಿದು ಬರುತ್ತಿತ್ತು. ಆ ಊಟ ಕೆಲವು ತಿಂಗಳು ಉಂಡರೆ ಈ ಮೆಟ್ಟಿಲು ಹತ್ತಬಹುದು. ಅದನ್ನು ಉಣ್ಣಬೇಕಾದರೆ ಈ ಮೆಟ್ಟಿಲು ಹತ್ತಿಯೇ ಹೋಗಬೇಕು. ಆ ಕುರ್ಚಿ ಅಲ್ಲೇ ಮೇಲಿತ್ತು. ವಿಭಾಳ ದನಿಯೂ ಕೇಳಿಸಿತು, ಯಾರಿಗೋ ಬಡಿಸಲು ಹೇಳುತ್ತಿದ್ದಳು. ಕೂಗಿದ್ದರೆ ಇಳಿದು ಬರುತ್ತಿದ್ದಳೇನೋ. ಉಸಿರು ತಹಬಂದಿಗೆ ಬಂದ ಮೇಲೆ ಶಿವನಂಜಮ್ಮ ಗೋಡೆ ಹಿಡಿದುಕೊಂಡು ಇಳಿದು ಬಸ್ ಸ್ಟಾಪಿಗೆ ನಡೆದಳು.

ನರಕಚತುರ್ದಶಿಯ ಮುನ್ನಾದಿನ ವೇದವತಿಯವರು ಬೇಲಿಯ ಹತ್ತಿರ ಕರೆದು ಹೇಳಿದರು. ಪುಟ್ಟಬಸಮ್ಮ ಎಂಬ ಚಿಕ್ಕ ವಯಸ್ಸಿನ ಹೆಂಗಸು ಅಡುಗೆಗೆ ಸಿಕ್ಕಿದ್ದಾಳಂತೆ, ಕೈರುಚಿ ಅಷ್ಟೇನೂ ಇಲ್ಲ, ಕಲಿತುಕೊಳ್ಳುತ್ತಾಳಂತೆ. ಇನ್ನೂ ಕಾಯುವುದು ವಿಭಾಳಿಗೆ ಆಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಶಿವನಂಜಮ್ಮ ಇಲ್ಲ ಬಿಡಿ ಎಂದಳು, ಪುಟ್ಟಬಸಮ್ಮನಿಗೆ ನವಣೆ ನೆನೆಸುವ ಹದ ಹೇಳಿಕೊಡಲು ವಿಭಾಳಿಗೆ ಹೇಳಿ ಎಂದಳು.

ಹಬ್ಬದ ದಿನ ಎಣ್ಣೆನೀರು, ಕಜ್ಜಾಯ, ಆಂಬೊಡೆ ಎಲ್ಲವೂ ಆಯಿತು. ಚಿಕ್ಕಣ್ಣನಿಗೆ ಬೇರೆಯಾಗಿ ಹಬೆಯಲ್ಲಿ ಬೇಯಿಸಿದ ನುಚ್ಚಿನುಂಡೆ. ಎಲ್ಲರದ್ದೂ ಮುಗಿದ ಮೇಲೆ ಅವಳು ಬಾಣಲೆಯ ಎಣ್ಣೆಯನ್ನು ಸೋಸಿ ಡಬ್ಬಿ ತುಂಬಿಸಿದಳು. ಕೊನೆಯಲ್ಲಿ ಡಬ್ಬಿಗೆ ಹಿಡಿಯದ ಒಂದು ಸೌಟಿನಷ್ಟು ಉಳಿಯಿತು. ಅದನ್ನು ಸಣ್ಣ ಬಾಣಲೆಗೆ ಹಾಕಿ ಸಾಸಿವೆ ಸಿಡಿಸಿ ಬೆಳಗಿನ ಅನ್ನ ಸುರಿದಳು. ತಟ್ಟೆಗೆ ಹಾಕಿಕೊಂಡು, ಊಟದ ಕೋಣೆಯ ಕುರ್ಚಿಯ ತನಕ ಹೋಗಿ, ಒಂದು ಕೈಯಿಂದ ಅದನ್ನು ಎಳೆದಳು.

"ಅಮ್ಮಿ, ತಾರಸಿ ಮೇಲೆ ಬಟ್ಟೆ ಅಂಗೇ ಅದೆ. ಮೋಡ ಕವೀತಾ ಅದೆ ನೋಡು," ಎಂದರು ಒಳಗಿನಿಂದ ಕೆಂಚಮ್ಮ.

ಬಂದೆ ಎಂದು ಅವಳು ಕುರ್ಚಿಯನ್ನು ಮೇಜಿನ ಕೆಳಕ್ಕೆ ತಳ್ಳಿದಳು. ನಿಂತುಕೊಂಡೇ ನಾಲ್ಕು ತುತ್ತು ಉಂಡು, ಕೈ ತೊಳೆದು, ಮೆಟ್ಟಿಲಿನ ಬುಡಕ್ಕೆ ಹೋಗಿ ಕಂಬಿ ಹಿಡಿದುಕೊಂಡಳು.